ಕೈಯಲ್ಲಿ ಔಷಧ ಇರುವಾಗ

ಆ ಮಧ್ಯಾಹ್ನ ನಾನು ವಾರ್ಡಿನಲ್ಲಿ ಇರಲಿಲ್ಲ. ಇದನ್ನು ಮೊದಲೇ ಬರೆದಿಡಬೇಕು, ಯಾಕೆಂದರೆ ಈಗ ಕಣ್ಣು ಮುಚ್ಚಿದರೆ ಎಲ್ಲವೂ ಕಾಣುತ್ತದೆ. ಕಿಟಕಿ ಪಕ್ಕದ ಮಂಚ, ಬಾಣಂತಿಯ ಹಸಿರು ಸೆರಗು, ಟ್ರೇ ಹಿಡಿದು ನಿಂತ ಸಿಸ್ಟರ್, ಬಾಗಿಲಲ್ಲಿ ಡಾಕ್ಟರು. ಇಷ್ಟು ನಿಚ್ಚಳವಾದ ಈ ಚಿತ್ರವನ್ನು ನಾನು ನೋಡಿಯೇ ಇಲ್ಲ. ಆ ಹೊತ್ತಿನಲ್ಲಿ ನಾನು ಗಜೇಂದ್ರಗಡದಲ್ಲಿ ಹೊಸ ನರ್ಸುಗಳಿಗೆ ಪಾಠ ಮಾಡುತ್ತಿದ್ದೆ. ಆಮೇಲೆ ಹಲವರ ಬಾಯಿಂದ ಕೇಳಿ ಕೇಳಿ ನನ್ನ ಮನಸ್ಸು ನನ್ನನ್ನೂ ಆ ಕೋಣೆಗೆ ಕರೆತಂದು ನಿಲ್ಲಿಸಿಕೊಂಡಿದೆ. ಸೆರಗು ಹಸಿರಾಗಿತ್ತೆಂದು ಯಾರು ಹೇಳಿದರೋ, ಯಾರಾದರೂ ಹೇಳಿದರೋ ಇಲ್ಲವೋ, ಗೊತ್ತಿಲ್ಲ.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳಲ್ಲಿ ನಮ್ಮ ಟ್ರಸ್ಟಿನ ಒಂದೊಂದು ಸಣ್ಣ ಹೆರಿಗೆ ಆಸ್ಪತ್ರೆಯಿದೆ. ಮೂರರ ನರ್ಸುಗಳಿಗೂ ತರಬೇತಿ ಕೊಡುವುದು, ಕೆಲಸ ನೋಡುವುದು ನನ್ನ ಪಾಲಿಗೆ ಬಂದದ್ದು. ಬಸ್ಸಿನಲ್ಲಿ ಊರಿಂದೂರಿಗೆ ಓಡಾಡುತ್ತೇನೆ. ನರ್ಸುಗಳು ನನ್ನನ್ನು ಸಾಲಿ ಟೀಚರಿಗೆ ಕರೆದಂತೆ ‘ಅಕ್ಕಾರ’ ಎಂದು ಕರೆಯುತ್ತಾರೆ.

ಆ ದಿನ ರೋಣದ ವಾರ್ಡಿನಲ್ಲಿ ಬೆಳವಣಕಿಯ ಒಬ್ಬ ಬಾಣಂತಿ ಇದ್ದಳು. ಹಿಂದಿನ ದಿನ ಹೆರಿಗೆಯಾಗಿತ್ತು, ಬಿಪಿ ಏರಿತ್ತು. ಹೀಗೆ ಬಿಪಿ ಏರಿ ಫಿಟ್ಸ್ ಬರುವ ಭಯವಿದ್ದವರಿಗೆ ಮ್ಯಾಗ್ನೀಷಿಯಂ ಇಂಜೆಕ್ಷನ್ ಕೊಡುತ್ತೇವೆ. ನಾಲ್ಕು ತಾಸಿಗೊಮ್ಮೆ, ಸೊಂಟದ ಕೆಳಗೆ, ಒಂದು ಸಲ ಎಡಕ್ಕೆ ಮಾಡಿದರೆ ಮರುಸಲ ಬಲಕ್ಕೆ. ಪ್ರತಿ ಸಲವೂ ಮೊದಲು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಜಿಗಿಯುತ್ತದೆಯೇ ನೋಡಬೇಕು, ಉಸಿರು ಎಣಿಸಬೇಕು, ಮೂತ್ರ ಸಾಕಷ್ಟು ಬಂದಿದೆಯೇ ಅಳೆಯಬೇಕು. ಮೂರೂ ಸರಿ ಇದ್ದರೆ ಮಾತ್ರ ಸೂಜಿ. ಔಷಧ ಹೆಚ್ಚಾದರೆ ಉಸಿರಿಗೆ ಕುತ್ತು, ತಪ್ಪಿದರೆ ಫಿಟ್ಸ್. ನಡುವೆ ಜಾಗ ಕಡಿಮೆ.

ಡ್ಯೂಟಿಯಲ್ಲಿದ್ದವಳು ಗಜೇಂದ್ರಗಡದ ಹುಡುಗಿ, ನೇಕಾರರ ಮನೆಯವಳು. ಮೂರೂ ಆಸ್ಪತ್ರೆಗಳಲ್ಲಿ ಅವಳಷ್ಟು ಜೋಪಾನದ ನರ್ಸ್ ಇನ್ನೊಬ್ಬಳಿಲ್ಲ ಎಂದು ನಾನೇ ಹಲವರಿಗೆ ಹೇಳಿದ್ದೆ. ಅವಳು ಮಂಡಿ ತಟ್ಟಿ ನೋಡಿದಳು, ಉಸಿರು ಎಣಿಸಿದಳು, ಮೂತ್ರ ಅಳೆದಳು. ‘ಈಗ ಸೂಜಿ ತರ್ತೀನಿ ನೋಡವ್ವಾ’ ಎಂದು ಬಾಣಂತಿಗೆ ಹೇಳಿ ತಿರುಗಿದಳು. ಅಷ್ಟರಲ್ಲಿ ಇನ್ನೊಂದು ಮಂಚದಿಂದ ಒಬ್ಬ ಅತ್ತೆ ಕೂಗಿದಳು: ‘ಬಾಯಾರ, ಕೂಸು ಮಲಿ ಹಿಡಿವಲ್ದು, ಲಗೂ ಬರ್ರಿ!’ ಅವಳು ‘ಬಂದ್ನಿ ಯವ್ವಾ’ ಎಂದು ಹೋದಳು. ಕೂಸಿಗೆ ಹಾಲು ಹಿಡಿಸಿದಳು. ಆಮೇಲೆ ಮೇಜಿಗೆ ಬಂದು ಚಾರ್ಟಿನಲ್ಲಿ ಮಂಡಿ, ಉಸಿರು, ಮೂತ್ರ, ಅದೇ ಸಾಲಿನ ಕೊನೆಗೆ ಇಂಜೆಕ್ಷನ್, ಬಲಗಡೆ ಎಂದು ಬರೆದು ಸಹಿ ಮಾಡಿದಳು.

ಇಂಜೆಕ್ಷನ್ ಮಾಡಿರಲಿಲ್ಲ.

ಸಂಜೆ ಡಾಕ್ಟರು ರೌಂಡಿಗೆ ಬಂದಾಗ ಬಾಣಂತಿಗೆ ತಲೆನೋವು, ಕಣ್ಣಮುಂದೆ ಮಿಣಿಮಿಣಿ. ಬಿಪಿ ಮತ್ತೆ ಏರಿತ್ತು. ‘ಮಧ್ಯಾಹ್ನದ ಡೋಸ್ ಆಗೇತಿಲ್ಲ?’ ಎಂದು ಡಾಕ್ಟರು ಕೇಳಿದರು.

‘ಮಾಡೀನ್ರಿ ಮೇಡಂ, ಬಲಗಡೆ.’

ಬಾಣಂತಿಯ ತಾಯಿ ತಲೆ ಅಲ್ಲಾಡಿಸಿದಳು. ‘ಇಲ್ರಿ ಬಾಯಾರ. ಆ ಸೂಜಿ ಮಾಡಿದ್ರ ನನ್ನ ಮಗಳು ಒದರ್ತಾಳ. ಮಧ್ಯಾಹ್ನ ಒದರಿಲ್ಲ.’

ಡಾಕ್ಟರು ನೋಡಿದರು. ಬಲಗಡೆ ಹೊಸ ಗುರುತಿರಲಿಲ್ಲ. ಮಂಡಿ ತಟ್ಟಿದರೆ ಕಾಲು ಬೇಕಾದ್ದಕ್ಕಿಂತ ಜೋರಾಗಿ ಜಿಗಿಯಿತು. ಡಾಕ್ಟರು ತಾವೇ ನಿಂತು ಇಂಜೆಕ್ಷನ್ ಮಾಡಿಸಿದರು, ಬಿಪಿಗೆ ಔಷಧ ಕೊಟ್ಟರು. ಬಾಣಂತಿಗೆ ಫಿಟ್ಸ್ ಬರಲಿಲ್ಲ, ಮುಂದೆ ಆರಾಮಾಗಿ ಮನೆಗೆ ಹೋದಳು. ಆದರೆ ಆ ಕ್ಷಣದಲ್ಲಿ ಹುಡುಗಿ ಮಾತ್ರ, ‘ನಾ ಹತ್ತಿ ಒತ್ತಿ ಹಿಡಿದದ್ದು ನನಗ ನೆನಪೈತ್ರಿ ಮೇಡಂ, ಆಣಿ ಮಾಡಿ ಹೇಳ್ತೀನಿ’ ಎನ್ನುತ್ತಲೇ ಇದ್ದಳಂತೆ.

ಆ ‘ಆಣಿ’ಯೇ ಅವಳಿಗೆ ಮುಳುವಾಯಿತು. ಮರೆತೆ ಎಂದಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು. ಮಾಡದ ಇಂಜೆಕ್ಷನ್ನನ್ನು ಮಾಡಿದೆ ಎಂದು ಬರೆದು, ಎದುರಿಗೇ ವಾದಿಸಿದಳೆಂದರೆ ಅದು ಸುಳ್ಳು ಎಂದು ಡಾಕ್ಟರು ತೀರ್ಮಾನಿಸಿದರು. ಮರುದಿನ ನಾನು ರೋಣಕ್ಕೆ ಹೋದಾಗ ಅವರು ಹೇಳಿದ್ದು ಇಷ್ಟು: ‘ಮರವಿಗೆ ಔಷಧ ಐತಿ. ಸುಳ್ಳಿಗೆ ಇಲ್ಲ. ಆಕಿನ್ನ ವಾರ್ಡಿನಿಂದ ತಗೀರಿ.’ ಟ್ರಸ್ಟಿನವರಿಗೂ ಅದೇ ಮಾತು ಮುಟ್ಟಿತ್ತು. ಆ ತಿಂಗಳು ಮುಗಿಯುವ ತನಕ ನೋಡೋಣ ಎಂದು ನಾನು ಕೇಳಿಕೊಂಡೆ. ಡಾಕ್ಟರು ಒಪ್ಪಿದರು, ಮುಖ ಬಿಗಿದೇ ಇತ್ತು.

ಅಂದರೆ ನನ್ನ ಕೈಯಲ್ಲಿದ್ದದ್ದು ಒಬ್ಬ ಒಳ್ಳೆಯ ನರ್ಸ್. ತಿಂಗಳೊಳಗೆ ಅವಳ ಮೇಲೆ ಮತ್ತೆ ನಂಬಿಕೆ ಹುಟ್ಟದಿದ್ದರೆ ಅವಳು ಹೆರಿಗೆ ವಾರ್ಡಿನಲ್ಲಿ ಮತ್ತೆ ಸೂಜಿ ಹಿಡಿಯುವುದಿಲ್ಲ.

ಅವಳು ಸುಳ್ಳು ಹೇಳಿಲ್ಲ ಎಂಬುದು ನನಗೆ ಖಚಿತವಿತ್ತು. ಆದರೆ ನನ್ನ ಖಚಿತತೆಯನ್ನೇ ನಾನು ಅಷ್ಟು ಸುಲಭವಾಗಿ ನಂಬುವವಳಲ್ಲ. ಅವಳು ನನಗೆ ಇಷ್ಟವಾದವಳು. ಇಷ್ಟವಾದವರ ಬಗ್ಗೆ ಮನಸ್ಸು ಬೇಗ ವಕಾಲತ್ತು ವಹಿಸುತ್ತದೆ. ಹಾಗಾಗಿ ಒಂದು ಮಧ್ಯಾಹ್ನ ಮಂಡಕ್ಕಿ ಗಿರಮಿಟ್ಟು, ಚಹಾ ತರಿಸಿ ಅವಳ ಮುಂದೆ ಕುಳಿತೆ. ತಪ್ಪಿನ ಮಾತೇ ಎತ್ತಲಿಲ್ಲ. ‘ಮನಿಯಿಂದ ಹೊಂಟಾಗಿನಿಂದ ಡ್ಯೂಟಿ ಹಿಡಿಯೂತನಕ ಏನೇನ್ ಮಾಡ್ತೀ, ಹೇಳು’ ಎಂದೆ.

‘ಬಸ್ಸಿನ್ಯಾಗ ಕುಂತು ಕಣ್ಣ ಮುಚ್ತೀನ್ರಿ. ಒಂದೊಂದ ಮಂಚಕ್ಕೂ ಹೋಗ್ತೀನಿ. ಇಕೀಗೆ ಏನು, ಆಕೀಗೆ ಏನು. ಸೂಜಿ ತುಂಬತೀನಿ, ಮಾಡ್ತೀನಿ, ಹತ್ತಿ ಒತ್ತತೀನಿ, ಬರೀತೀನಿ. ಎಲ್ಲಾ ಮನಸ್ಸಿನ್ಯಾಗ. ರೋಣ ಬರೂದರಾಗ ಅರ್ಧಾ ಡ್ಯೂಟಿ ಮುಗದಿರತೈತಿ.’ ಅವಳು ನಕ್ಕಳು. ‘ಕಾಲೇಜಿನ್ಯಾಗ ಹಿಂಗ ಮಾಡೇ ನಾ ಫಸ್ಟ್ ಬಂದದ್ರಿ.’

ಚಹಾ ಆರುತ್ತಿತ್ತು. ನನಗೆ ಕುಡಿಯುವುದು ಮರೆತುಹೋಗಿತ್ತು.

‘ಆ ದಿನಾನೂ ಮಾಡಿದ್ದೇನು? ಬೆಳವಣಕಿಯಾಕಿ ಸೂಜಿ?’

‘ಮಾಡಿದ್ನಿ. ಬಲಗಡೆ…’ ಎಂದವಳು ಅಲ್ಲಿಗೇ ನಿಂತಳು. ಅವಳ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ‘ಅಕ್ಕಾರ, ಬಸ್ಸಿನ್ಯಾಗ ಮಾಡಿದ್ನೇನ್ರಿ ನಾ?’

ನೋಡದೇ ಇದ್ದ ಹಸಿರು ಸೆರಗು ನನ್ನ ಕಣ್ಣಮುಂದೆಯೇ ಇತ್ತು. ಹಲವು ಸಲ ಮನಸ್ಸಿನಲ್ಲಿ ಓಡಿಸಿದ್ದಕ್ಕೂ ಕೈಯಿಂದ ಮಾಡಿದ್ದಕ್ಕೂ ನೆನಪು ಬೇರೆ ಬೇರೆ ಮುದ್ರೆ ಒತ್ತುವುದಿಲ್ಲ. ಮುಂದಾಲೋಚನೆ ಗಟ್ಟಿಯಾದಷ್ಟೂ ಅದು ಆಗಿಹೋದದ್ದರ ವೇಷ ಹಾಕಿಕೊಳ್ಳುತ್ತದೆ. ಜೋಪಾನದವಳು ಎಂದು ನಾನು ಹೊಗಳುತ್ತಿದ್ದ ಗುಣವೇ ಅವಳನ್ನು ಬೀಳಿಸಿತ್ತು. ಮೈಗಳ್ಳಿಗೆ ಈ ತಪ್ಪು ಆಗುವುದಿಲ್ಲ, ಅವಳಿಗೆ ಬೇರೆ ತಪ್ಪುಗಳಾಗುತ್ತವೆ.

ಇಷ್ಟು ತಿಳಿದ ಮೇಲೆ ದಾರಿ ಸರಳ ಎಂದುಕೊಂಡೆ. ಆಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಪಾಯದ ಇಂಜೆಕ್ಷನ್ನುಗಳಿಗೆ ಇಬ್ಬರು ನರ್ಸುಗಳು ಸಹಿ ಮಾಡಬೇಕು, ಒಬ್ಬಳು ಕೊಡಬೇಕು, ಇನ್ನೊಬ್ಬಳು ನೋಡಬೇಕು ಎಂದು ಮೂರೂ ಕಡೆ ಹೇಳಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ನಮ್ಮಲ್ಲಿ ಒಂದು ಪಾಳಿಗೆ ಇರುವವರೇ ಇಬ್ಬರು. ಒಬ್ಬಳು ಹೆರಿಗೆ ಕೋಣೆಯಲ್ಲಿದ್ದರೆ ಇನ್ನೊಬ್ಬಳು ವಾರ್ಡಿನಲ್ಲಿ. ಎರಡನೆಯವಳು ಬಂದು, ‘ಮಾಡೀಯಲ್ಲ?’ ಎಂದು ಕೇಳಿ ಸಹಿ ಹಾಕಿ ಓಡುತ್ತಿದ್ದಳು. ಗಜೇಂದ್ರಗಡದಲ್ಲಿ ಒಂದು ಸಲ ಕೊಡಬೇಕಾದ ಕೂಸನ್ನು ಬಿಟ್ಟು ಪಕ್ಕದ ಕೂಸಿಗೆ ವಿಟಮಿನ್ ಇಂಜೆಕ್ಷನ್ ಕೊಡಲು ಹೊರಟಿದ್ದು ತಾಯಿಯ ಕೂಗಿನಿಂದ ತಪ್ಪಿತು. ಎರಡು ಸಹಿ ಆಗಲೇ ಬಿದ್ದಿದ್ದವು. ಇವಳು ನೋಡಿದ್ದಾಳೆ ಎಂದು ಅವಳು, ಅವಳು ನೋಡುತ್ತಾಳೆ ಎಂದು ಇವಳು. ಆ ಪದ್ಧತಿಯನ್ನು ನಾನೇ ತಂದೆ, ನಾನೇ ತೆಗೆದೆ.

ಈ ನಡುವೆ ನನ್ನ ಹುಡುಗಿ ಇನ್ನಷ್ಟು ಹದಗೆಟ್ಟಳು. ಮಾಡಿದ್ದು ನಿಜವೋ, ಬಸ್ಸಿನದೋ ಎಂಬ ಅನುಮಾನ ಹೊಕ್ಕ ಮೇಲೆ ಅವಳು ಪ್ರತಿಯೊಂದನ್ನೂ ಹಿಂದಿರುಗಿ ನೋಡತೊಡಗಿದಳು. ಬಸ್‌ ನಿಲ್ದಾಣದ ತನಕ ಹೋಗಿ ವಾಪಸ್ ಬಂದು ಡ್ರಿಪ್ ನೋಡಿದಳು. ಒಂದು ದಿನ ಸಲೈನ್ ಬಾಟಲಿ ಬದಲಿಸಿ, ಹನಿ ಬಿಡುವ ಕೊಳವೆಯ ಗಾಲಿ ತೆರೆಯದೇ ಹೋಗಿಬಿಟ್ಟಳು. ಆಯಾ ನೋಡಿ ಹೇಳಿದಳು.

‘ಗ್ಯಾನ ಎಲ್ಲಿತ್ತವ್ವಾ ನಿಂದು?’ ಎಂದೆ.

‘ಹಿಂದಿನ ಮಂಚದಾಗಿತ್ರಿ. ಆಕೀಗೆ ಗುಳಿಗಿ ಕೊಟ್ನಿಲ್ಲೋ ಅಂತ.’ ಆಮೇಲೆ ಮೆಲ್ಲಗೆ, ‘ನನ್ನ ಓಪಿಡಿಗೆ ಹಾಕ್ರಿ ಅಕ್ಕಾರ. ಚೀಟಿ ಬರಕೋಂತ ಕುಂದರ್ತೀನಿ. ಅಲ್ಲಿ ಯಾರೂ ಸಾಯಂಗಿಲ್ಲ’ ಎಂದಳು.

ಮೊದಲು ಅವಳ ಮನಸ್ಸು ಕೆಲಸಕ್ಕಿಂತ ಮುಂದೆ ಇರುತ್ತಿತ್ತು, ಈಗ ಹಿಂದೆ. ಕೈ ಇರುವಲ್ಲಿ ಮನಸ್ಸು ಇರುವುದೇ ಇಲ್ಲ. ‘ಲಕ್ಷ್ಯ ಇಡು’ ಎಂದು ಇಂಥವಳಿಗೆ ಹೇಳುವುದು, ಕಾಲು ಉಳುಕಿದವಳಿಗೆ ಸರಿಯಾಗಿ ನಡೆ ಎಂದಂತೆ.

ಪಾಠ ನಿಲ್ಲಿಸಿದೆ. ಮೂರೂ ಆಸ್ಪತ್ರೆಗಳಲ್ಲಿ ಒಂದೊಂದು ಮಧ್ಯಾಹ್ನ ಸುಮ್ಮನೆ ವಾರ್ಡಿನ ಮೂಲೆಯಲ್ಲಿ ಕುಳಿತು ನೋಡಿದೆ. ನೋಡಿದ್ದು ಒಂದನ್ನೇ, ನರ್ಸಿನ ಕೈಯಲ್ಲಿ ಔಷಧ ಇರುವಾಗ ಏನಾಗುತ್ತದೆ ಎಂದು.

ಆಗುವುದು ಇಷ್ಟೇ. ಯಾರೋ ಕರೆಯುತ್ತಾರೆ. ‘ಬಾಯಾರ, ನೀರ ಕುಡಸ್ಲೇನ್ರಿ?’ ‘ಬಾಯಾರ, ನಮ್ಮ ತಮ್ಮ ಬಂದಾನ, ಒಳಗ ಬಿಡ್ರಿ.’ ‘ಸಿಸ್ಟರ್, ಫ್ಯಾನ್ ಹಚ್ರಿ.’ ಕರೆದಾಗ ನಮ್ಮ ಹುಡುಗಿಯರು ‘ಬಂದ್ನಿ’ ಎನ್ನುತ್ತಾರೆ, ಅರ್ಧ ತಿರುಗುತ್ತಾರೆ. ಹಿರಿಯರು ಕರೆದರೆ ಓಗೊಡದೇ ಇರುವುದು ನಮ್ಮ ಕಡೆ ತುಂಬಾ ದೊಡ್ಡ ಸೊಕ್ಕು. ಹೆಣ್ಣುಮಕ್ಕಳಿಗೆ ಇದನ್ನು ನಡೆಯಲು ಕಲಿಯುವ ಮೊದಲೇ ಕಲಿಸಿರುತ್ತೇವೆ. ಆ ‘ಬಂದ್ನಿ’ಯಲ್ಲಿ ಕೆಲಸ ತುಂಡಾಗುತ್ತದೆ. ಮರಳಿ ಬಂದಾಗ ಎಲ್ಲಿ ಬಿಟ್ಟೆ ಎಂಬುದನ್ನು ಹೇಳಬೇಕಾದದ್ದು ನೆನಪು. ಆ ನೆನಪು ಬಸ್ಸಿನಲ್ಲಿ ಆಗಲೇ ಎಲ್ಲ ಮುಗಿಸಿ ಕುಳಿತಿರುತ್ತದೆ.

ನರಗುಂದದಲ್ಲಿ ಮಾತ್ರ ಬೇರೆಯೇ ಕಂಡಿತು. ಅಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದಾಳೆ. ಬಾಯಿ ದೊಡ್ಡದು. ಮುಂದೆ ಏನು ಮಾಡಬೇಕೆಂದು ಯೋಚಿಸುವ ಹೆಂಗಸೇ ಅಲ್ಲ ಎಂದು ನಾನು ಮೊದಲ ವರ್ಷವೇ ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದದ್ದು ನಿಜವೇ, ಅದು ದೋಷ ಎಂದುಕೊಂಡದ್ದು ಮಾತ್ರ ನನ್ನ ಸೇರ್ಪಡೆ. ಆ ದಿನ ಅವಳು ಸೂಜಿ ತುಂಬುತ್ತಿದ್ದಾಗ ಒಬ್ಬ ಮುದುಕ ಬಾಗಿಲಿನಿಂದ ಕರೆದ.

‘ಕೈಯಾಗ ಸೂಜಿ ಐತಿ ಯಪ್ಪಾ! ಒಳಗ ಬಂದ್ರ ನಿನಗ ಚುಚ್ಚತೀನಿ!’ ಎಂದಳು, ಕಣ್ಣು ಸಿರಿಂಜಿನಿಂದ ತೆಗೆಯದೆ. ವಾರ್ಡೆಲ್ಲ ನಕ್ಕಿತು. ಅವಳು ನಗದೆ, ತನಗೆ ತಾನೇ ಎಂಬಂತೆ ಜೋರಾಗಿ, ‘ಎಡಗಡೆ. ಹೊಂಟಿತು. ಮುಗೀತು’ ಎಂದು ಹೇಳಿ ಸೂಜಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ಮುದುಕನ ಕಡೆಗೆ ತಿರುಗಿ, ‘ಈಗ ಹೇಳು, ಯಾರ ಮದವಿ ನಿಂತೈತಿ?’

ಅವಳಿಗೂ ಮರೆವು ಉಂಟು. ಆದರೆ ಮರೆತದ್ದನ್ನು ಆಯಾಗೂ ಹೇಳಿಕೊಂಡು ನಗುತ್ತಾಳೆ, ಸರಿ ಮಾಡುತ್ತಾಳೆ, ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ. ‘ತಲಿಯಾಗ ಗಾಣ ಹೂಡಿದ್ರ ಎಣ್ಣಿ ಬರ್ತೈತೇನ್ರಿ ಅಕ್ಕಾರ?’ ಎಂದು ನನಗೇ ಕೇಳಿದಳು.

ಎಲ್ಲರೂ ಅವಳಂತೆ ಆಗಬೇಕಿಲ್ಲ, ಆಗಲೂ ಆರರು. ಆದರೆ ಅವಳ ಸ್ವಭಾವದಲ್ಲಿ ತಾನಾಗಿಯೇ ಇದ್ದುದನ್ನು ಕೆಲಸದ ರೀತಿಯಾಗಿ ಬರೆಯಬಹುದಿತ್ತು. ಬರೆದೆ. ಕೈಯಲ್ಲಿ ಔಷಧ ಇರುವಾಗ ಕರೆದರೆ ಓಗೊಡಬಾರದು, ತಿರುಗಲೂಬಾರದು. ಮಂಡಿ ತಟ್ಟುವುದರಿಂದ ಹಿಡಿದು ಬರೆಯುವ ತನಕ ಒಂದೇ ಉಸಿರಿನ ಕೆಲಸ, ಹಾಗಾಗಿ ತುಂಬಿದ ಸೂಜಿಯನ್ನು ಮೊದಲೇ ಮಂಚದ ಬಳಿ ತಂದಿಟ್ಟುಕೊಳ್ಳಬೇಕು. ಒತ್ತುವ ಹೊತ್ತಿಗೆ ಹೆಸರು, ಔಷಧ, ಯಾವ ಕಡೆ ಎಂದು ಬಾಯಿಬಿಟ್ಟು ಹೇಳಬೇಕು. ಬಾಣಂತಿಯ ಕಿವಿಗೆ ಬಿದ್ದರೆ ಅವಳೂ ಸಾಕ್ಷಿ. ಚಾರ್ಟು ಮೇಜಿನಿಂದ ಮಂಚದ ಕಾಲಿಗೆ ಬಂತು. ನಡುವೆ ಯಾರದಾದರೂ ಜೀವದ ಪ್ರಶ್ನೆ ಬಂದರೆ ಮಾತ್ರ ಬಿಟ್ಟು ಓಡಬೇಕು. ಆಗ ತುಂಬಿದ್ದನ್ನು ಚೆಲ್ಲಿ, ಮರಳಿ ಮಂಡಿಯಿಂದಲೇ ಆರಂಭ. ತಪ್ಪಾದರೆ ಪಾಳಿ ಮುಗಿಯುವುದರೊಳಗೆ ಒಬ್ಬರಿಗೆ ಹೇಳಿಬಿಡಬೇಕು.

ಹುಡುಗಿಗೆ ತೋರಿಸಿದಾಗ ಅವಳು ಮೊದಲನೆಯದರ ಹತ್ತಿರವೇ ನಿಂತಳು.

‘ನಮ್ಮಪ್ಪ ಮಗ್ಗದ ಮ್ಯಾಲೆ ಕುಂತಾಗ ಕರದ್ರ ಓ ಅನ್ನಂಗಿಲ್ರಿ. ಲಾಳಿ ದಾಟಿ, ಎಳಿ ಕೂಡಸೂ ಹಣಗಿ ಬಡದ ಮ್ಯಾಲೆ ಏನು ಅಂತಾನ. ನಡುವ ಎದ್ರ ಸೀರಿ ತುಂಬ ಆ ಎಳಿ ಕಾಣತೈತಿ. ನಮ್ಮಜ್ಜಿನೂ ಕಾಯ್ತಾಳ.’

‘ಮತ್ತ?’

‘ಅವ ಗಂಡಸು, ಮನಿ ಹಿರ್ಯಾ. ನಾ ಸುಮ್ಮನಿದ್ರ ಸೊಕ್ಕಿನಾಕಿ ಅಂತಾರ. ನಮ್ಮವ್ವನೂ ಮಗ್ಗದ ಮ್ಯಾಲೆ ಕುಂದರತಾಳ, ಆಕೀನ್ನ ಕರದ್ರ ಆಕಿ ಎದ್ದು ಬರ್ತಾಳ.’

‘ನಿಮ್ಮವ್ವ ನೇಯ್ದ ಸೀರ್ಯಾಗ ಎಳಿ ಕಾಣತಾವೇನು?’

‘ಕಾಣತಾವ’ ಎಂದಳು. ‘ಅಪ್ಪ ಬೈತಾನ.’

ಅದಾದ ಕೆಲವೇ ದಿನಗಳಲ್ಲಿ ಮಲಪ್ರಭೆ ತುಂಬಿತು. ಕೊಣ್ಣೂರಿನ ಸೇತುವೆ ಮೇಲೆ ನೀರು ಬರುವ ವರ್ಷಗಳಲ್ಲಿ ಹೊಳೆದಂಡೆಯ ಊರುಗಳ ದಿನ ತುಂಬಿದ ಬಸುರಿಯರನ್ನು ಮೊದಲೇ ಕರೆತಂದು ನರಗುಂದದ ಆಸ್ಪತ್ರೆಗಳಲ್ಲಿ ಇಡುತ್ತಾರೆ. ನಮ್ಮ ವಾರ್ಡೂ ತುಂಬಿತು. ನೆಲದ ಮೇಲೆ ಹಾಸಿಗೆ, ಒಬ್ಬೊಬ್ಬಳ ಜೊತೆ ಅತ್ತೆ, ತಾಯಿ, ನಾದಿನಿ. ನರಗುಂದಕ್ಕೆ ಯಾರನ್ನಾದರೂ ಹೆಚ್ಚಿಗೆ ಕಳಿಸಬೇಕಿತ್ತು.

ನಾನು ಡಾಕ್ಟರಿಗೆ ಫೋನ್ ಮಾಡಿ ಗಜೇಂದ್ರಗಡದ ಹುಡುಗಿಯ ಹೆಸರು ಹೇಳಿದೆ. ಅವರೂ ಆ ವಾರ ನರಗುಂದದಲ್ಲೇ ಇರಬೇಕಾಗಿತ್ತು.

‘ಓಪಿಡಿಗೆ ಹಾಕೂ ಹುಡಿಗೀನ್ನ ಇಂಥಾ ಗದ್ದಲದಾಗ ತರ್ತೀರಿ?’

‘ಹೌದ್ರಿ ಮೇಡಂ. ನಾನೂ ಬರ್ತೀನಿ. ಆಕಿನ್ನ ತಗಿಯೂದಾದ್ರ ಈ ವಾರ ನೋಡಿ ತಗೀರಿ.’

ಹೊಸ ರೀತಿಯನ್ನು ವಿವರಿಸಿದೆ. ‘ಮಾಡ್ರಿ’ ಎಂದರು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಶಾಂತವಾದ ವಾರ್ಡಿನಲ್ಲಿ ಅವಳನ್ನು ಮೆಲ್ಲಗೆ ಚೇತರಿಸಿಕೊಳ್ಳಲು ಬಿಡಬಹುದಿತ್ತು. ಹಾಗೇ ಮಾಡಬೇಕೆಂದು ಯಾರಾದರೂ ಹೇಳಿಯಾರು. ಆದರೆ ಶಾಂತಿ ಇದ್ದಲ್ಲಿ ಅವಳಿಗೆ ತಲೆಯಲ್ಲಿ ಗಾಣ ಹೂಡಲು ಪುರಸತ್ತು. ಗದ್ದಲದಲ್ಲಿ, ದೊಡ್ಡ ಬಾಯಿಯ ಸಿಸ್ಟರಿನ ಪಕ್ಕದಲ್ಲಿ, ಒಂದು ಕೆಲಸ ಮುಗಿಸಿ ಒಂದನ್ನು ಹಿಡಿಯುವುದು ಬಿಟ್ಟರೆ ದಾರಿಯಿಲ್ಲ. ಆ ನಿರ್ಧಾರದ ಬಗ್ಗೆ ಆಗ ನನಗೆ ಅನುಮಾನ ಇರಲಿಲ್ಲ. ಈಗ ಗೆಲುವು ಗೊತ್ತಿದ್ದು ಹೀಗೆ ಬರೆಯುತ್ತಿದ್ದೇನೆಯೇ ಎಂದು ಆ ದಿನದ ಡೈರಿ ತೆಗೆದು ನೋಡಿದೆ. ‘ಇದೇ ಸರಿ’ ಎಂದಿದೆ, ಕೆಳಗೆ ಗೆರೆ ಎಳೆದಿದ್ದೇನೆ.

ಬಸ್ಸಿನಲ್ಲಿ ಅವಳನ್ನು ನನ್ನ ಪಕ್ಕ ಕೂರಿಸಿಕೊಂಡೆ. ಕಣ್ಣು ಮುಚ್ಚಿದಾಗಲೆಲ್ಲ ಮಾತಿಗೆ ಎಳೆದೆ. ‘ಮನಸ್ಸಿನ್ಯಾಗ ಡ್ಯೂಟಿ ಮಾಡಬ್ಯಾಡ. ಪಗಾರ ಕೊಡಂಗಿಲ್ಲ’ ಎಂದೆ. ಎಷ್ಟೋ ದಿನಗಳ ಮೇಲೆ ನಕ್ಕಳು.

ಕೊಣ್ಣೂರಿನ ಒಬ್ಬ ಅಜ್ಜಿ ಸೊಸೆಯ ಜೊತೆ ಬಂದಿದ್ದಳು. ಬಂದ ದಿನವೇ ವಾರ್ಡಿನ ಯಜಮಾನಿಕೆ ವಹಿಸಿಕೊಂಡಿದ್ದಳು. ಯಾರ ಸೊಸೆ ಏನು ಉಂಡಳು, ಯಾರ ಕೂಸಿಗೆ ಯಾರ ಮೂಗು, ಎಲ್ಲ ಅವಳಿಗೆ ಬೇಕು. ಹುಡುಗಿ ಒಬ್ಬಳಿಗೆ ಸೂಜಿ ಮಾಡುತ್ತಿದ್ದಾಗ ಅಜ್ಜಿ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಹುಡುಗಿಯ ಕುತ್ತಿಗೆ ಕೆಂಪಾಯಿತು, ಆದರೆ ತಿರುಗಲಿಲ್ಲ.

‘ಏನ್ ಸೊಕ್ಕರೀ ಈಕೀದು! ನನ್ನ ಮೊಮ್ಮಗಳ ವಾರಗಿ ಅದಾಳ, ಕರದ್ರ ಹೂಂ ಅನ್ನಂಗಿಲ್ಲ. ಕಿಂವಡ ನರ್ಸನ್ನ ಇಟ್ಟಾರೇನ ಇವರು?’

ವಾರ್ಡಿನ ಕಣ್ಣುಗಳೆಲ್ಲ ನನ್ನ ಕಡೆ ಬಂದವು. ನಾನು ಬಾಯಿ ಹಾಕಲಿಲ್ಲ. ಹುಡುಗಿ ‘ಎಡಗಡೆ, ಮುಗೀತು’ ಎಂದಳು. ಬರೆದಳು. ಕೈ ತೊಳೆದುಕೊಂಡು ನೇರ ಅಜ್ಜಿಯ ಹಾಸಿಗೆಗೆ ಹೋಗಿ ನೆಲದ ಮೇಲೆ ಕುಳಿತಳು.

‘ಯವ್ವಾ, ಕೈಯಾಗ ಔಷಧ ಇದ್ದಾಗ ನಾ ಯಾರ ಕೂಡಾನೂ ಮಾತಾಡಂಗಿಲ್ಲ. ಮಾತಾಡಿದ್ರ ತಪ್ಪತೈತಿ. ನಿನ್ನ ಸೊಸೀಗೆ ಮಾಡುವಾಗ ಯಾರರೆ ಕರದು, ನಾ ತಿರುಗಿ, ತಪ್ಪಿದ್ರ ಹ್ಯಾಂಗ? ಈಗ ಹೇಳು, ನಿನ್ನ ಹಂತೇಕನ ಕುಂತೀನಿ.’

ಅಜ್ಜಿ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಸಿಟ್ಟು ಇಳಿಯಲು ಒಂದು ನೆಪ ಹುಡುಕುತ್ತಿದ್ದಂತೆ ಕಂಡಿತು. ‘ಅಷ್ಟ ಮೊದಲ ಹೇಳಬಾರದೇನ? ಕೂರಗಿ ಹಿಂದ ಬೀಜ ಬಿಡಾಕಿನ್ನ ನಾವೂ ಮಾತಾಡಸಂಗಿಲ್ಲ. ಮಾತಿಗೆ ಹತ್ತಿದ್ರ ಕೈ ನಿಲ್ಲತೈತಿ, ಸಾಲು ಬರೀ ಹೊಕ್ಕೈತಿ. ಆವತ್ತ ಗೊತ್ತಾಗಂಗಿಲ್ಲ ಮತ್ತ, ಬೆಳಿ ಎದ್ದ ಮ್ಯಾಲೆ ಗೊತ್ತಾಕ್ಕೈತಿ. ಊರ ಮಂದಿ ನಕ್ಕೋಂತ ಹೋಗ್ತಾರ.’

ಆಮೇಲೆ ಕರೆದ ಕಾರಣ ಹೇಳಿದಳು. ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳಬೇಕಿತ್ತಂತೆ.

ಕಾಲ ಕೂಡಿಬಂದದ್ದು ನೀರು ಇಳಿಯುವ ಮುನ್ನಾದಿನ, ಹೊತ್ತು ಏರಿದ ಮೇಲೆ. ಈ ಸಲ ನಾನು ಅಲ್ಲಿಯೇ ಇದ್ದೆ. ಅಜ್ಜಿಯ ಸೊಸೆಗೆ ಹೆರಿಗೆಯಾಗಿತ್ತು, ಬಿಪಿ ಏರಿತ್ತು. ಬೆಳವಣಕಿಯವಳಿಗೆ ನಡೆದ ಅದೇ ಇಂಜೆಕ್ಷನ್, ನಾಲ್ಕು ತಾಸಿಗೊಮ್ಮೆ. ಹುಡುಗಿ ಟ್ರೇ ತಂದು ಮಂಚದ ಬಳಿ ಇಟ್ಟಳು. ಸುತ್ತಿಗೆ ತಗೊಂಡಳು. ಮಂಡಿ ತಟ್ಟಿದಳು, ಕಾಲು ಜಿಗಿಯಿತು. ಉಸಿರು ಎಣಿಸಿದಳು. ಚೀಲದಲ್ಲಿನ ಮೂತ್ರ ನೋಡಿದಳು. ಆ ದಿನ ಎಲ್ಲಿ ಎಳೆ ಕಡಿದಿತ್ತೋ ಅದೇ ಜಾಗಕ್ಕೆ ಬಂದಿದ್ದಳು.

ಬಾಗಿಲಲ್ಲಿ ಡಾಕ್ಟರು. ಬೆಳಗಿನಿಂದ ನಿಂತೇ ಇದ್ದರು, ಕಣ್ಣು ಸೋತಿದ್ದವು. ‘ಸಿಸ್ಟರ್, ಆ ಮೂಲಿಯಾಕಿನ್ನ ಪರೀಕ್ಷಾ ಕೋಣಿಗೆ ಕಳಸ್ರಿ.’

ಹುಡುಗಿ ಬಾಣಂತಿಯನ್ನು ಮಗ್ಗುಲಿಗೆ ಹೊರಳಿಸಿದಳು. ಸಿರಿಂಜ್ ಕೈಗೆ ತಗೊಂಡಳು.

‘ಸಿಸ್ಟರ್!’

ಅವಳನ್ನು ಕೆಲಸದಲ್ಲಿ ಇಡುವ, ತೆಗೆಯುವ ಮಾತು ಯಾರ ಬಾಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಭುಜ ಒಂದು ಸಲ ಅಲುಗಿದ್ದನ್ನು ನಾನು ನೋಡಿದೆ. ತಿರುಗಿಬಿಡುತ್ತಾಳೆ ಎಂದುಕೊಂಡೆ. ನಾನು ಎದ್ದು ಡಾಕ್ಟರಿಗೆ ಹೇಳಬಹುದಿತ್ತು. ಏಳಬಾರದು ಎಂದು ಕುರ್ಚಿಯನ್ನು ಹಿಡಿದುಕೊಂಡೆ.

ಅಜ್ಜಿ ಎದ್ದಳು. ಒಂದು ಕೈ ಮೇಲೆತ್ತಿ, ಹೊಲದ ಬದುವಿನ ಮೇಲೆ ಬಂದವರನ್ನು ನಿಲ್ಲಿಸುವ ಹಾಗೆ ನಿಲ್ಲಿಸಿದಳು.

‘ತಡೀರಿ ಬಾಯಾರ. ಆಕಿ ಬಿತ್ತಾಕತ್ತಾಳ.’

ಡಾಕ್ಟರು ನಿಂತರು. ಹತ್ತು ಮಿಲಿ ಔಷಧ, ಮೆಲ್ಲಗೆ ಹೋಗಬೇಕು. ಬಾಣಂತಿ ಒದರಿದಳು. ಹುಡುಗಿ ಬಾಣಂತಿಯ ಹೆಸರು ಹೇಳಿದಳು, ಔಷಧದ ಹೆಸರು ಹೇಳಿದಳು, ‘ಬಲಗಡೆ. ಹೊಂಟಿತು. ಮುಗೀತು’ ಎಂದಳು. ಸೂಜಿ ಡಬ್ಬಿಗೆ ಬಿತ್ತು. ಹತ್ತಿ ಒತ್ತಿ ಹಿಡಿದಳು. ಮಂಚದ ಕಾಲಿನಲ್ಲಿದ್ದ ಚಾರ್ಟು ತೆಗೆದು ಬರೆದಳು. ಆಮೇಲೆ ತಿರುಗಿದಳು.

‘ಹೇಳ್ರಿ ಮೇಡಂ.’

ಡಾಕ್ಟರು ಅವಳ ಹತ್ತಿರ ಬಂದು ಚಾರ್ಟು ನೋಡಿದರು, ಬಾಣಂತಿಯ ಬಲಗಡೆ ಒತ್ತಿದ ಹತ್ತಿಯನ್ನು ಎತ್ತಿ ಗುರುತು ನೋಡಿದರು, ಮತ್ತೆ ಹತ್ತಿ ಇಟ್ಟರು. ‘ಮೂಲಿಯಾಕಿನ್ನ ಪರೀಕ್ಷಾ ಕೋಣಿಗೆ’ ಎಂದರು. ಬಾಗಿಲ ತನಕ ಹೋಗಿ ನನ್ನ ಕಡೆ ನೋಡಿ, ‘ಈ ವಾರ ಮುಗದ ಮ್ಯಾಲೆ ರೋಣಕ್ಕ ವಾಪಸ್ ಬರ್ಲಿ. ವಾರ್ಡಿಗೇ’ ಎಂದು ಹೋದರು.

ದೊಡ್ಡ ಬಾಯಿಯ ಸಿಸ್ಟರ್ ಅಜ್ಜಿಗೆ, ‘ಡಾಕ್ಟರಿಗೇ ತಡೀರಿ ಅಂದ್ಯಲ್ಲ, ಭಾರಿ ಐದಿ ಬಿಡಬೇ’ ಎಂದಳು.

‘ನನ್ನ ಸೊಸೀ ಹೊಲ ಅದು’ ಎಂದಳು ಅಜ್ಜಿ.

ವಾರ ಮುಗಿಸಿ ಇಬ್ಬರೂ ರೋಣದ ಬಸ್ಸು ಹತ್ತಿದೆವು. ಎರಡೂ ಕಡೆ ಹೊಲಗಳಲ್ಲಿ ನೀರು ನಿಂತಿತ್ತು, ಕಪ್ಪು ಮಣ್ಣು ಹೊಳೆಯುತ್ತಿತ್ತು. ಇದನ್ನು ನಾನು ಆ ದಿನವೇ ಬರೆದಿಟ್ಟಿದ್ದೇನೆ, ನಂಬಬಹುದು. ಹುಡುಗಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

‘ಏನ್ ನಡಸೀಯವ್ವಾ ಮನಸ್ಸಿನ್ಯಾಗ?’ ಎಂದೆ.

ಓಗೊಡಲಿಲ್ಲ. ಮತ್ತೆ ಕರೆದೆ. ಬಾಯಿ ತುಸು ತೆರೆದಿತ್ತು, ಬಸ್ಸು ಕುಲುಕಿದ ಕಡೆಗೆ ತಲೆ ವಾಲುತ್ತಿತ್ತು. ನಿದ್ದೆ ಹೋಗಿದ್ದಳು. ನಾನು ಅವಳ ಚೀಲವನ್ನು ನನ್ನ ತೊಡೆಯ ಮೇಲೆ ಎತ್ತಿಕೊಂಡು ಕುಳಿತೆ.